ರದ್ದಿಯಿಂದ ಪಾರಾದ ದೆವ್ವಗಳು

ಅಮೆರಿಕದ ಅಪರಾಧ ಕಾದಂಬರಿಕಾರ ಜಿಮ್ ಥಾಂಪ್ಸನ್ 1977ರಲ್ಲಿ ತೀರಿಕೊಂಡಾಗ ಅವರ ಸ್ವಂತ ದೇಶದ ಹೊಸ ಪುಸ್ತಕದಂಗಡಿಗಳಲ್ಲಿ ಅವರದೊಂದು ಕಾದಂಬರಿಯೂ ಸಿಗುತ್ತಿರಲಿಲ್ಲ. ಬರೆದದ್ದು ಇಪ್ಪತ್ತಕ್ಕೂ ಹೆಚ್ಚು. ಅಷ್ಟೂ ಮರುಮುದ್ರಣವಿಲ್ಲದೆ ಮರೆಯಾಗಿದ್ದವು. ಅವರ ‘ದಿ ಕಿಲ್ಲರ್ ಇನ್‌ಸೈಡ್ ಮಿ’ 1952ರಲ್ಲಿ ಲಯನ್ ಬುಕ್ಸ್ ಎಂಬ ಅಗ್ಗದ ಪ್ರಕಾಶನದಿಂದ ನೇರವಾಗಿ ಪೇಪರ್‌ಬ್ಯಾಕ್ ಆಗಿಯೇ ಬಂದಿತ್ತು. ಅಂಥ ಪುಸ್ತಕಗಳ ಬಗ್ಗೆ ಪತ್ರಿಕೆಗಳು ಬರೆಯುತ್ತಿದ್ದುದು ಅಪರೂಪ, ಗ್ರಂಥಾಲಯಗಳು ಕೊಳ್ಳುತ್ತಿದ್ದುದು ಇನ್ನೂ ಅಪರೂಪ. 1984ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬ್ಲ್ಯಾಕ್ ಲಿಜರ್ಡ್ ಎಂಬ ಪುಟ್ಟ ಪ್ರಕಾಶನ ಶುರುವಾಯಿತು. ಅದರ ಸಂಪಾದಕ ಬ್ಯಾರಿ ಗಿಫರ್ಡ್ ಥಾಂಪ್ಸನ್ ಅವರ ಕಾದಂಬರಿಗಳನ್ನು ಒಂದೊಂದಾಗಿ ಮತ್ತೆ ಅಚ್ಚು ಹಾಕಿಸಿದರು. 1990ರಲ್ಲಿ ಥಾಂಪ್ಸನ್ ಅವರ ‘ದಿ ಗ್ರಿಫ್ಟರ್ಸ್’ ಸಿನಿಮಾ ಆಯಿತು, ನಾಲ್ಕು ಆಸ್ಕರ್ ನಾಮನಿರ್ದೇಶನಗಳನ್ನು ಪಡೆಯಿತು. ಇಂದು ಥಾಂಪ್ಸನ್ ಅವರನ್ನು ಬಿಟ್ಟು ಅಮೆರಿಕದ ಅಪರಾಧ ಸಾಹಿತ್ಯದ ಇತಿಹಾಸ ಬರೆಯಲು ಯಾರೂ ಹೋಗುವುದಿಲ್ಲ.

ನಡುವಿನ ಆ ಕತ್ತಲ ವರ್ಷಗಳಲ್ಲಿ ಈ ಕಾದಂಬರಿಗಳು ಎಲ್ಲಿದ್ದವು? ಫ್ರಾನ್ಸಿನಲ್ಲಿ ಗಾಲಿಮಾರ್ ಪ್ರಕಾಶನದ ‘ಸೆರೀ ನೊಆರ್’ ಮಾಲೆ ಅವರನ್ನು ಕೈಬಿಟ್ಟಿರಲಿಲ್ಲ. 1966ರಲ್ಲಿ ಆ ಮಾಲೆ ತನ್ನ ಸಾವಿರನೆಯ ಪುಸ್ತಕವಾಗಿ ಹೊರತಂದದ್ದು ಥಾಂಪ್ಸನ್ ಅವರ ಕಾದಂಬರಿಯನ್ನೇ. ಅಮೆರಿಕದಲ್ಲಿ ಮಾತ್ರ ಅವು ಇದ್ದುದು ಹಳೇ ಪುಸ್ತಕದಂಗಡಿಗಳ ಮೂಲೆಯ ಪೆಟ್ಟಿಗೆಗಳಲ್ಲಿ, ಅಲ್ಲಿಂದ ಹೆಕ್ಕಿ ತಂದವರ ಮನೆಯ ಕಪಾಟುಗಳಲ್ಲಿ. ಯಾವ ಪುಸ್ತಕ ಉಳಿಯುತ್ತದೆ ಎಂಬುದನ್ನು ಅದರ ಗುಣವೊಂದೇ ತೀರ್ಮಾನಿಸುವುದಿಲ್ಲ. ಯಾರೋ ಒಬ್ಬರು ಅದರ ಒಂದು ಪ್ರತಿಯನ್ನು ಎಸೆಯದೆ ಇಟ್ಟುಕೊಂಡಿರಬೇಕು. ಅಗ್ಗದ ಪತ್ತೇದಾರಿ, ಭಯಾನಕ, ರೋಮಾಂಚಕ ಪೇಪರ್‌ಬ್ಯಾಕ್‌ಗಳನ್ನು ಹುಡುಕಿ ಕೂಡಿಡುವವರ ಹವ್ಯಾಸವನ್ನು ಬಿಡುವಿನ ಖಯಾಲಿ ಎಂದು ಕಾಣುವವರೇ ಹೆಚ್ಚು. ಆದರೆ ಸಾಹಿತ್ಯ ಚರಿತ್ರೆ ಮಾಡಬೇಕಾಗಿದ್ದು ಮಾಡದೇ ಬಿಟ್ಟ ಕೆಲಸವನ್ನು ಮಾಡುತ್ತಿರುವವರು ಇವರೇ. ಅದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ ಎಪ್ಪತ್ತು ಮತ್ತು ಎಂಬತ್ತರ ದಶಕದ ಇಂಗ್ಲಿಷ್ ಭಯಾನಕ ಕಾದಂಬರಿಗಳಲ್ಲಿದೆ.

ಈ ಪುಸ್ತಕಗಳು ಹುಟ್ಟಿದ್ದೇ ಬೇಗ ಸಾಯುವುದಕ್ಕೆ. 1939ರಲ್ಲಿ ಪಾಕೆಟ್ ಬುಕ್ಸ್ ಸಂಸ್ಥೆ ಅಮೆರಿಕದಲ್ಲಿ 25 ಸೆಂಟ್ ಬೆಲೆಯ ಕಿರುಗಾತ್ರದ ಪುಸ್ತಕಗಳನ್ನು ತಂದಾಗ ಅವುಗಳನ್ನು ಹಂಚಿದ್ದು ನಿಯತಕಾಲಿಕೆಗಳ ಸಗಟು ವ್ಯಾಪಾರಿಗಳು. ಪುಸ್ತಕದಂಗಡಿ ಇಲ್ಲದ ಊರುಗಳಲ್ಲೂ ಔಷಧಿ ಅಂಗಡಿ, ಬಸ್ ನಿಲ್ದಾಣ, ಸಿಗರೇಟು ಮಳಿಗೆಗಳ ತಂತಿಯ ಸ್ಟ್ಯಾಂಡುಗಳಲ್ಲಿ ಪುಸ್ತಕ ಸಿಗುವಂತಾಯಿತು. ಇದು ದೊಡ್ಡ ಸಾಧನೆ. ಆದರೆ ನಿಯತಕಾಲಿಕೆಯ ಕಟ್ಟುಪಾಡೇ ಪುಸ್ತಕಕ್ಕೂ ಬಂತು: ತಿಂಗಳು ತುಂಬಿದರೆ ಹಳೆಯದು ಹೊರಗೆ, ಹೊಸದು ಒಳಗೆ. ಮಾರಾಟವಾಗದ ಪ್ರತಿಯನ್ನು ಪೂರ್ತಿ ವಾಪಸು ಕಳಿಸಿದರೆ ಸಾಗಣೆಯ ಖರ್ಚು ಮೈಮೇಲೆ ಬರುತ್ತದೆ ಎಂದು ವ್ಯಾಪಾರಿಗಳು ಮುಖಪುಟವನ್ನು ಮಾತ್ರ ಹರಿದು ಪ್ರಕಾಶಕರಿಗೆ ಕಳಿಸಿ ಹಣ ಹಿಂಪಡೆಯುತ್ತಿದ್ದರು. ಉಳಿದ ಒಡಲನ್ನು ನಾಶ ಮಾಡಬೇಕು ಎಂಬುದು ಒಪ್ಪಂದ. ಆ ಕಾಲದ ಎಷ್ಟೋ ಪೇಪರ್‌ಬ್ಯಾಕ್‌ಗಳ ಒಳಪುಟದಲ್ಲಿ ಒಂದು ಎಚ್ಚರಿಕೆ ಇರುತ್ತದೆ: ಮುಖಪುಟವಿಲ್ಲದ ಪ್ರತಿಯನ್ನು ಕೊಂಡಿದ್ದರೆ ಅದು ಕಳ್ಳಮಾಲು, ಲೇಖಕರಿಗಾಗಲಿ ಪ್ರಕಾಶಕರಿಗಾಗಲಿ ಅದರಿಂದ ಬಿಡಿಗಾಸೂ ಸಂದಿಲ್ಲ ಎಂಬರ್ಥದ್ದು. ಹೀಗೆ ಅಚ್ಚಾದ ಪ್ರತಿಗಳಲ್ಲಿ ದೊಡ್ಡ ಪಾಲು ಯಾರೂ ಓದದೆಯೇ ಮತ್ತೆ ಕಾಗದದ ಮುದ್ದೆಯಾಯಿತು.

ಕಾಗದವೂ ಅಷ್ಟೇ. ಯಂತ್ರದಲ್ಲಿ ಮರವನ್ನು ಅರೆದು ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಹಾಗೇ ಉಳಿದಿರುತ್ತದೆ. ಬೆಳಕು ಮತ್ತು ಗಾಳಿ ತಾಗಿದಂತೆ ಅದು ಹಳದಿಯಾಗುತ್ತದೆ. ಕಾಗದಕ್ಕೆ ಹಾಕಿದ ಪಟಿಕದಿಂದ ಹುಟ್ಟುವ ಆಮ್ಲ ನಾರುಗಳನ್ನು ತಿನ್ನುತ್ತದೆ. ಹಾಳೆಗಳನ್ನು ಹೊಲಿದಿರುವುದಿಲ್ಲ, ಬೆನ್ನಿಗೆ ಅಂಟು ಬಳಿದು ಕೂಡಿಸಿರುತ್ತಾರೆ. ನಲವತ್ತು ವರ್ಷದ ಹಳೆಯ ಪ್ರತಿಯೊಂದನ್ನು ಪೂರ್ತಿ ಅಗಲಿಸಿ ತೆರೆದರೆ ಒಣಗಿದ ಅಂಟು ಚಟಕ್ಕನೆ ಬಿರಿದು ನಡುವಿನ ಹಾಳೆಗಳು ಕೈಗೆ ಬರುತ್ತವೆ. ಅನುಭವಿ ಸಂಗ್ರಾಹಕರು ಇಂಥ ಪುಸ್ತಕವನ್ನು ಅರ್ಧವಷ್ಟೇ ತೆರೆದು, ಒಂದು ಕೈಯಲ್ಲಿ ಬೆನ್ನಿಗೆ ಆಸರೆ ಕೊಟ್ಟು ಓದುತ್ತಾರೆ.

ಪುಸ್ತಕಗಳ ಈ ನಾಶಕ್ಕೆ ಕಾನೂನೂ ತನ್ನ ಪಾಲು ಸೇರಿಸಿತು. 1979ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಥಾರ್ ಪವರ್ ಟೂಲ್ ಎಂಬ ಕಂಪನಿಯ ತೆರಿಗೆ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಗೋದಾಮಿನಲ್ಲಿ ಮಾರಾಟವಾಗದೆ ಬಿದ್ದಿರುವ ಸರಕಿನ ಬೆಲೆಯನ್ನು ಲೆಕ್ಕದಲ್ಲಿ ಮನಬಂದಂತೆ ಇಳಿಸಿ ತೆರಿಗೆ ಉಳಿಸುವಂತಿಲ್ಲ ಎಂಬುದು ಅದರ ತಾತ್ಪರ್ಯ. ಪ್ರಕರಣ ಕೈಯುಪಕರಣಗಳ ಬಿಡಿಭಾಗದ್ದು. ಏಟು ಬಿದ್ದದ್ದು ಪುಸ್ತಕಗಳಿಗೂ. ನಿಧಾನವಾಗಿ ಮಾರಾಟವಾಗುವ ಶೀರ್ಷಿಕೆಯನ್ನು ವರ್ಷಗಟ್ಟಲೆ ದಾಸ್ತಾನು ಇಡುವುದಕ್ಕಿಂತ ನಾಶ ಮಾಡುವುದೇ ಪ್ರಕಾಶಕರಿಗೆ ಲಾಭವಾಗತೊಡಗಿತು.

ಭಯಾನಕ ಕಾದಂಬರಿಗಳ ಮಹಾಪೂರ ಬಂದದ್ದು ಇಂಥ ವ್ಯವಸ್ಥೆಯೊಳಗೆ. ಐರಾ ಲೆವಿನ್ ಅವರ ‘ರೋಸ್‌ಮೆರೀಸ್ ಬೇಬಿ’ 1967ರದು. 1971ರಲ್ಲಿ ವಿಲಿಯಂ ಪೀಟರ್ ಬ್ಲಾಟಿ ಅವರ ‘ದಿ ಎಕ್ಸಾರ್ಸಿಸ್ಟ್’ ಮತ್ತು ಥಾಮಸ್ ಟ್ರೈಯನ್ ಅವರ ‘ದಿ ಅದರ್’ ಒಟ್ಟೊಟ್ಟಿಗೆ ಗೆದ್ದವು. 1974ರಲ್ಲಿ ಸ್ಟೀಫನ್ ಕಿಂಗ್ ‘ಕ್ಯಾರಿ’ಯೊಂದಿಗೆ ಬಂದರು, ಅದೇ ವರ್ಷ ಲಂಡನ್ನಿನಲ್ಲಿ ಜೇಮ್ಸ್ ಹರ್ಬರ್ಟ್ ಅವರ ‘ದಿ ರ‍್ಯಾಟ್ಸ್’ ಬಂತು. ಮುಂದಿನ ಹದಿನೈದು ವರ್ಷ ದೆವ್ವ ಹಿಡಿದ ಮಕ್ಕಳು, ನರಭಕ್ಷಕ ಏಡಿಗಳು, ಶಾಪಗ್ರಸ್ತ ಮನೆಗಳು ಸ್ಟ್ಯಾಂಡು ತುಂಬಿದವು. ಝೀಬ್ರಾ ಬುಕ್ಸ್‌ನಂಥ ಪ್ರಕಾಶನಗಳು ಲೇಖಕರಿಗೆ ಅಲ್ಪ ಮುಂಗಡ ಕೊಟ್ಟು ಮುಖಪುಟಕ್ಕೆ ಹಣ ಸುರಿದವು. ಉಬ್ಬಚ್ಚಿನ ಅಕ್ಷರ, ಮಿನುಗುವ ಹಾಳೆ, ಅಲುಗಾಡಿಸಿದರೆ ಬದಲಾಗುವ ಹೊಲೊಗ್ರಾಂ ಚಿತ್ರ ಎಲ್ಲವೂ ಬಂದವು.

1979ರಲ್ಲಿ ಬಂದ ವಿ. ಸಿ. ಆ್ಯಂಡ್ರೂಸ್ ಅವರ ‘ಫ್ಲವರ್ಸ್ ಇನ್ ದಿ ಅಟಿಕ್’ ಪುಸ್ತಕದ ಮೊದಲ ಪೇಪರ್‌ಬ್ಯಾಕ್ ಆವೃತ್ತಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಕಪ್ಪು ಮುಖಪುಟ. ಅದರಲ್ಲೊಂದು ಮನೆ, ಮನೆಯ ಅಟ್ಟದ ಕಿಟಕಿ ಇರುವ ಜಾಗದಲ್ಲಿ ರಟ್ಟನ್ನೇ ಕತ್ತರಿಸಿ ತೂತು ಮಾಡಿದ್ದಾರೆ. ಆ ತೂತಿನಿಂದ ಒಬ್ಬ ಹುಡುಗಿಯ ಬಿಳಿಚಿಕೊಂಡ ಮುಖ ಹೊರಗೆ ನೋಡುತ್ತಿರುತ್ತದೆ. ರಟ್ಟನ್ನು ತಿರುವಿದರೆ ಒಳಗೆ ಇನ್ನೊಂದು ಪೂರ್ಣ ಚಿತ್ರ: ಒಬ್ಬರಿಗೊಬ್ಬರು ಅಂಟಿಕೊಂಡ ನಾಲ್ಕು ಮಕ್ಕಳು, ಅವರ ಹಿಂದೆ ಎತ್ತರಕ್ಕೆ ನಿಂತ ಅಜ್ಜಿ. ಓದುಗ ಒಂದಕ್ಷರ ಓದುವ ಮೊದಲೇ ಕಥೆಯ ಸೆರೆಮನೆ ಅವನ ಬೆರಳಿಗೆ ತಾಗಿರುತ್ತದೆ. ಅಂಗಡಿಯಲ್ಲಿ ನಿಂತು ಕಿಟಕಿಯೊಳಗೆ ಬೆರಳು ಹಾಕಿ ನೋಡಿದ ಗಿರಾಕಿಯನ್ನು ಪುಸ್ತಕ ಬಿಡುತ್ತಿರಲಿಲ್ಲ. ಕಾದಂಬರಿಯ ಪಠ್ಯ ಇಂದು ಫೋನಿನಲ್ಲೂ ಸಿಗುತ್ತದೆ. ಈ ತೂತು ಸಿಗುವುದಿಲ್ಲ.

ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟರೆ ಸಾಲದೇ, ಹಳೆಯ ಪ್ರತಿಗಳಿಗಾಗಿ ಅಂಗಡಿ ಅಂಗಡಿ ಅಲೆಯುವುದೇಕೆ ಎಂದು ಕೇಳುವವರಿಗೆ ಇಲ್ಲೇ ಉತ್ತರವಿದೆ. ಎಪ್ಪತ್ತರ ದಶಕದ ಅಮೆರಿಕನ್ ಪೇಪರ್‌ಬ್ಯಾಕ್‌ಗಳ ನಡುವೆ ಕೆಂಟ್ ಸಿಗರೇಟಿನ ದಪ್ಪ ಬಣ್ಣದ ಜಾಹೀರಾತು ಹಾಳೆ ಹೊಲಿದಂತೆ ಕೂತಿರುತ್ತದೆ. ಟಿವಿ, ರೇಡಿಯೊಗಳಲ್ಲಿ ಸಿಗರೇಟಿನ ಜಾಹೀರಾತನ್ನು ಅಮೆರಿಕ 1971ರ ಆರಂಭದಿಂದ ನಿಷೇಧಿಸಿದ ಮೇಲೆ ತಂಬಾಕು ಕಂಪನಿಗಳು ಓದುಗರ ಜೇಬಿನೊಳಕ್ಕೆ ಬಂದ ದಾರಿ ಅದು. ಕೊನೆಯ ಪುಟಗಳಲ್ಲಿ ಅಂಚೆಯಲ್ಲಿ ತರಿಸಿಕೊಳ್ಳುವ ಪುಸ್ತಕಗಳ ಪಟ್ಟಿ, ಬೆಲೆ ಸಮೇತ. ರಟ್ಟಿನ ಮೂಲೆಯಲ್ಲಿ ಹಳೇ ಅಂಗಡಿಯ ಸೀಲು, ಒಳಗೆ ಯಾರೋ ಬರೆದ ಹೆಸರು ಮತ್ತು ಇಸವಿ. ಯಾರು ಓದಿದರು, ಎಷ್ಟು ಕೊಟ್ಟು ಓದಿದರು, ಎಲ್ಲಿ ಕೊಂಡರು, ಜೊತೆಗೆ ಇನ್ನೇನು ಓದಲು ಅವರಿಗೆ ಆಮಿಷ ಒಡ್ಡಲಾಗಿತ್ತು ಎಂಬ ಸಂಗತಿಗಳನ್ನು ಪುಸ್ತಕವೆಂಬ ವಸ್ತುವೇ ಹೇಳುತ್ತದೆ. ಮರುಮುದ್ರಣ ಮಾಡುವವರು ಮೊದಲು ಕಿತ್ತುಹಾಕುವುದು ಇವನ್ನೇ.

ತೊಂಬತ್ತರ ದಶಕದ ಆರಂಭದಲ್ಲಿ ಈ ಮಾರುಕಟ್ಟೆ ಕುಸಿಯಿತು. ಒಂದೇ ಬಗೆಯ ಪುಸ್ತಕಗಳು ಮಿತಿಮೀರಿ ಬಂದು ಓದುಗರಿಗೆ ಸಾಕುಸಾಕಾಗಿತ್ತು. ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಗೆದ್ದ ಮೇಲೆ ಪ್ರಕಾಶಕರು ಭಯಾನಕದ ಹಣೆಪಟ್ಟಿ ಕಿತ್ತು ಥ್ರಿಲ್ಲರ್ ಎಂಬ ಹಣೆಪಟ್ಟಿ ಅಂಟಿಸತೊಡಗಿದರು. ನೂರಾರು ಲೇಖಕರು ಒಮ್ಮೆಲೇ ಕಾಣೆಯಾದರು. ಸಾಹಿತ್ಯ ಚರಿತ್ರೆಯಲ್ಲಿ ಕಿಂಗ್, ಕ್ಲೈವ್ ಬಾರ್ಕರ್‌ರಂಥ ಕೆಲವೇ ಹೆಸರುಗಳು ಉಳಿದವು. ಉಳಿದವರ ಪುಸ್ತಕಗಳು ಹಳೇ ಅಂಗಡಿಯ ಬಾಗಿಲ ಬಳಿಯ ಡಬ್ಬಗಳಿಗೆ ಹೋದವು.

ಅಲ್ಲಿಂದ ಅವನ್ನು ಎತ್ತಿ ತಂದವರ ಕೆಲಸ 2017ರಲ್ಲಿ ಲೋಕಕ್ಕೆ ಕಂಡಿತು. ಕಾದಂಬರಿಕಾರ ಗ್ರೇಡಿ ಹೆಂಡ್ರಿಕ್ಸ್, ಬಹುಕಾಲದ ಸಂಗ್ರಾಹಕ ವಿಲ್ ಎರಿಕ್ಸನ್ ಅವರ ನೆರವಿನಿಂದ ‘ಪೇಪರ್‌ಬ್ಯಾಕ್ಸ್ ಫ್ರಮ್ ಹೆಲ್’ ಎಂಬ ಸಚಿತ್ರ ಇತಿಹಾಸವನ್ನು ಪ್ರಕಟಿಸಿದರು. ಮುಖಪುಟಗಳ ಚೆಲುವನ್ನು ತೋರಿಸುವುದರ ಜೊತೆಗೆ ಅವುಗಳ ಹಿಂದಿನ ಲೇಖಕರು, ಚಿತ್ರಕಾರರು, ಸಂಪಾದಕರನ್ನು ಹೆಸರು ಹಿಡಿದು ಹುಡುಕಿದ ಪುಸ್ತಕವದು. ಎಷ್ಟೋ ಮುಖಪುಟಗಳಲ್ಲಿ ಚಿತ್ರಕಾರರ ಸಹಿಯೇ ಇಲ್ಲದಿದ್ದುದರಿಂದ ಅದು ಸುಲಭದ ಕೆಲಸವಾಗಿರಲಿಲ್ಲ. ಅದರ ಬೆನ್ನಿಗೆ ವರ್ಜೀನಿಯಾದ ರಿಚ್‌ಮಂಡ್‌ನಲ್ಲಿರುವ ವ್ಯಾಲನ್‌ಕೋರ್ಟ್ ಬುಕ್ಸ್ ಅದೇ ಹೆಸರಿನ ಮರುಮುದ್ರಣ ಮಾಲೆಯನ್ನು 2019ರಲ್ಲಿ ಆರಂಭಿಸಿತು. ಜೇಮ್ಸ್ ಜೆಂಕಿನ್ಸ್ ಮತ್ತು ರಯಾನ್ ಕೇಗಲ್ 2005ರಲ್ಲಿ ಕಟ್ಟಿದ ಈ ಸಂಸ್ಥೆ ಅದಕ್ಕೂ ಮೊದಲಿನಿಂದ ಮರೆತುಹೋದ ಪುಸ್ತಕಗಳನ್ನೇ ಅಚ್ಚು ಹಾಕುತ್ತಿತ್ತು.

ಹೀಗೆ ಮರಳಿ ಬಂದವರಲ್ಲಿ ಮೈಕೇಲ್ ಮೆಕ್‌ಡೊವೆಲ್ ಅವರ ಕಥೆ ವಿಶೇಷ. ಅಲಬಾಮಾದವರು. ಅವರ ‘ಬ್ಲ್ಯಾಕ್‌ವಾಟರ್’ ಒಂದೇ ಕುಟುಂಬದ ಹಲವು ದಶಕಗಳ ಕಥೆ. 1983ರ ಜನವರಿಯಿಂದ ಜೂನ್‌ವರೆಗೆ ತಿಂಗಳಿಗೊಂದರಂತೆ ಆರು ತೆಳು ಪೇಪರ್‌ಬ್ಯಾಕ್‌ಗಳಾಗಿ ಬಂತು. ಪ್ರವಾಹದಲ್ಲಿ ಮುಳುಗಿದ ಊರಿನ ಹೋಟೆಲಿನಲ್ಲಿ ಸಿಕ್ಕ ಹೆಣ್ಣೊಬ್ಬಳು ಆ ಊರಿನ ಸಿರಿವಂತರ ಮನೆಯ ಸೊಸೆಯಾಗುತ್ತಾಳೆ. ಅವಳು ಪೂರ್ತಿ ಮನುಷ್ಯಳಲ್ಲ ಎಂಬುದು ಓದುಗನಿಗೆ ಗೊತ್ತು. ಮನೆಯವರಿಗೂ ಹೇಗೋ ಗೊತ್ತಿದ್ದಂತಿದೆ. ಆದರೂ ಕಾದಂಬರಿಯ ನಿಜವಾದ ಕಾಳಗ ನಡೆಯುವುದು ಅತ್ತೆ ಸೊಸೆಯರ ನಡುವೆ, ಮನೆ, ಜಮೀನು, ಮಕ್ಕಳ ಮೇಲಿನ ಹಕ್ಕಿಗಾಗಿ. ‘ಬೀಟಲ್‌ಜ್ಯೂಸ್’ ಸಿನಿಮಾದ ಕಥೆಗೂ ಕೈ ಹಾಕಿದ್ದ ಮೆಕ್‌ಡೊವೆಲ್ 1999ರಲ್ಲಿ ಏಡ್ಸ್ ಸಂಬಂಧಿ ಕಾಯಿಲೆಯಿಂದ ತೀರಿಕೊಂಡಾಗ ಅವರ ಕಾದಂಬರಿಗಳು ಬಹುತೇಕ ಮರೆತೇ ಹೋಗಿದ್ದವು. ವ್ಯಾಲನ್‌ಕೋರ್ಟ್ ಅವನ್ನು ಮರುಮುದ್ರಿಸಿತು. 2022ರಲ್ಲಿ ಫ್ರಾನ್ಸಿನ ಮೊಸ್ಯೊ ತೂಸ್ಯಾಂ ಲೂವರ್ತ್ಯುರ್ ಎಂಬ ಚಿಕ್ಕ ಪ್ರಕಾಶನ ‘ಬ್ಲ್ಯಾಕ್‌ವಾಟರ್’ನ ಆರೂ ಸಂಪುಟಗಳನ್ನು ಚಿನ್ನದ ಮಿರುಗಿನ ಹೊಸ ಮುಖಪುಟಗಳೊಂದಿಗೆ ತಂದಾಗ ಅವು ಲಕ್ಷಗಟ್ಟಲೆ ಮಾರಾಟವಾದವು. ಎಲ್ಲೋ ಕೆಲವರು ಆ ಹರಕು ಪ್ರತಿಗಳನ್ನು ಇಟ್ಟುಕೊಂಡು, ಓದಿ, ಇನ್ನೊಬ್ಬರಿಗೆ ಹೇಳದಿದ್ದರೆ ಈ ಸರಪಳಿ ಶುರುವಾಗುತ್ತಲೇ ಇರಲಿಲ್ಲ.

ಜೋನ್ ಸ್ಯಾಮ್ಸನ್ ಅವರ ‘ದಿ ಆಕ್ಷನೀರ್’ ಇನ್ನೊಂದು. ನ್ಯೂ ಹ್ಯಾಂಪ್‌ಶೈರ್‌ನ ಒಂದು ಬಡ ಹಳ್ಳಿಗೆ ಹರಾಜು ಕೂಗುವವನೊಬ್ಬ ಬರುತ್ತಾನೆ. ಊರಿನ ಪೊಲೀಸರಿಗೆ ನೆರವಾಗಲು ಮನೆಯಲ್ಲಿ ಬೇಡದ ಸಾಮಾನು ಕೊಡಿ ಎಂದು ಕೇಳುತ್ತಾನೆ. ಮೊದಲ ವಾರ ಹಳೇ ಕುರ್ಚಿ. ಮುಂದಿನ ವಾರ ಇನ್ನೇನಾದರೂ. ಆಮೇಲೆ ಬೇಕಾದ ಸಾಮಾನು, ದನ, ಭೂಮಿ, ಕೊನೆಗೆ ಅದಕ್ಕೂ ಮಿಗಿಲಾದದ್ದು. ಬೇಡ ಎನ್ನುವ ಧೈರ್ಯ ಯಾರಿಗೂ ಇಲ್ಲ. ದೆವ್ವವಿಲ್ಲ, ಮಂತ್ರವಿಲ್ಲ, ನಯವಾದ ಮಾತಿನಲ್ಲಿ ಜನರ ಕೈಯಿಂದ ಎಲ್ಲವನ್ನೂ ಬಿಡಿಸಿಕೊಳ್ಳುವ ಅಧಿಕಾರವಿದೆ. ಸ್ಯಾಮ್ಸನ್ ಬರೆದ ಒಂದೇ ಕಾದಂಬರಿ ಇದು. ಅದು ಪ್ರಕಟವಾದ ಕೆಲವೇ ಕಾಲದಲ್ಲಿ, 1976ರಲ್ಲಿ, ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಪೇಪರ್‌ಬ್ಯಾಕ್‌ನಲ್ಲಿ ಚೆನ್ನಾಗಿ ಮಾರಾಟವಾದರೂ ಮುಂದೆ ಬರೆಯಲು ಲೇಖಕಿಯೇ ಇಲ್ಲದ ಕಾರಣ ಹೆಸರು ಅಳಿಸಿಹೋಯಿತು. ಎಪ್ಪತ್ತರ ದಶಕದ ಅಮೆರಿಕದ ಹಳ್ಳಿಗರ ಆರ್ಥಿಕ ಭಯವನ್ನು ಇಷ್ಟು ನಿಖರವಾಗಿ ಹಿಡಿದ ಕಾದಂಬರಿಗಳು ಅಂದಿನ ಗಂಭೀರ ಸಾಹಿತ್ಯದಲ್ಲೂ ವಿರಳ.

ಬ್ರಿಟನ್ನಿನಲ್ಲಿ ನಡೆದದ್ದೂ ಇಂಥದ್ದೇ. ಹರ್ಬರ್ಟ್ ವ್ಯಾನ್ ಥಾಲ್ 1959ರಲ್ಲಿ ಶುರುಮಾಡಿದ ‘ಪ್ಯಾನ್ ಬುಕ್ ಆಫ್ ಹಾರರ್ ಸ್ಟೋರೀಸ್’ ವರ್ಷಕ್ಕೊಂದರಂತೆ ಬರುತ್ತ 1989ರ ಹೊತ್ತಿಗೆ ಮೂವತ್ತು ಸಂಪುಟ ಮುಟ್ಟಿ ನಿಂತಿತು. ಶಾಲಾ ಹುಡುಗರು ಕದ್ದು ಓದುತ್ತಿದ್ದ ಪುಸ್ತಕವೆಂಬ ಖ್ಯಾತಿ ಅದರದು. ಕೊನೆಯ ಸಂಪುಟಗಳು ಕಡಿಮೆ ಪ್ರತಿಗಳಲ್ಲಿ ಅಚ್ಚಾದ್ದರಿಂದ ಇಂದು ಸಿಗುವುದೇ ಕಷ್ಟ. ಜಾನಿ ಮೇನ್ಸ್ ಎಂಬ ಸಂಗ್ರಾಹಕ ಪ್ರತಿಗಳನ್ನು ಕೂಡಿಸಿದ್ದಕ್ಕೇ ತೃಪ್ತರಾಗದೆ, ಅವುಗಳಲ್ಲಿ ಒಂದೆರಡು ಕಥೆ ಬರೆದು ಮರೆಯಾದ ಲೇಖಕರನ್ನು ಪತ್ತೆಹಚ್ಚಿ ಮಾತಾಡಿಸಿ ಆ ಮಾಲೆಯ ಚರಿತ್ರೆಯನ್ನೇ ಬರೆದರು. 2010ರಲ್ಲಿ ಪ್ಯಾನ್ ಸಂಸ್ಥೆ ಮೊದಲ ಸಂಪುಟವನ್ನು ಮರುಮುದ್ರಿಸಿದಾಗ ಮುನ್ನುಡಿ ಬರೆದವರೂ ಅವರೇ. ಪ್ರಕಾಶಕರ ಬಳಿ ಇಲ್ಲದ ತಿಳಿವಳಿಕೆ ಸಂಗ್ರಾಹಕನ ಬಳಿ ಇತ್ತು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಹಗುರವಾದದ್ದಲ್ಲ. ಈ ರಾಶಿಯಲ್ಲಿ ಮೆಕ್‌ಡೊವೆಲ್, ಸ್ಯಾಮ್ಸನ್‌ರಂಥವರು ಎಷ್ಟು ಮಂದಿ? ಬಹುಪಾಲು ಅವಸರದಲ್ಲಿ ಬರೆದ, ಹೆಣ್ಣಿನ ಮೈಯನ್ನು ಸೀಳಿ ತೋರಿಸಿ ಕಾಸು ಮಾಡಿದ, ಬೇರೆ ಬಣ್ಣದ ಮತ್ತು ಬೇರೆ ದೇಶದ ಜನರನ್ನು ರಾಕ್ಷಸರಾಗಿಸಿದ ಪುಸ್ತಕಗಳು. ಇಂಥವನ್ನು ಕಾಪಿಡುವುದರಲ್ಲಿ ಏನು ಹಿರಿಮೆ?

ಹಿರಿಮೆಯ ಮಾತೇ ಇಲ್ಲ, ಸಾಕ್ಷ್ಯದ ಮಾತಿದೆ. ಎಚ್. ಪಿ. ಲವ್‌ಕ್ರಾಫ್ಟ್ ಅವರನ್ನೇ ನೋಡಿ. 1923ರಿಂದ 1954ರವರೆಗೆ ನಡೆದ ‘ವಿಯರ್ಡ್ ಟೇಲ್ಸ್’ ಎಂಬ ಅಗ್ಗದ ಕಾಗದದ ಪತ್ರಿಕೆಯಲ್ಲಿ ಬರೆದು, 1937ರಲ್ಲಿ ಬಡತನದಲ್ಲೇ ಸತ್ತವರು. ಎರಡು ವರ್ಷದ ನಂತರ ಅವರ ಗೆಳೆಯರಾದ ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೇ ಆರ್ಕಮ್ ಹೌಸ್ ಎಂಬ ಪ್ರಕಾಶನ ಕಟ್ಟಿದ್ದೇ ಅವರ ಕಥೆಗಳನ್ನು ಪುಸ್ತಕವಾಗಿಸಲು. 2005ರಲ್ಲಿ ಅಮೆರಿಕದ ಶ್ರೇಷ್ಠ ಲೇಖಕರ ‘ಲೈಬ್ರರಿ ಆಫ್ ಅಮೆರಿಕ’ ಮಾಲೆಗೆ ಅವರು ಸೇರಿದರು. ಇದು ಒಂದು ಮುಖ. ಅವರ ಬರಹ ಮತ್ತು ಪತ್ರಗಳಲ್ಲಿ ತುಂಬಿರುವ ಜನಾಂಗದ್ವೇಷ ಇನ್ನೊಂದು ಮುಖ. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಗೆ ಕೊಡುತ್ತಿದ್ದ ಲವ್‌ಕ್ರಾಫ್ಟ್ ಮುಖದ ಪ್ರತಿಮೆಯನ್ನು 2015ರಲ್ಲಿ ಕೈಬಿಡಲು ನಿರ್ಧರಿಸಿದ್ದು ಅದಕ್ಕಾಗಿಯೇ. ಈ ಎರಡು ಮುಖಗಳನ್ನೂ ಜೊತೆಗಿಟ್ಟು ನೋಡಲು ಸಾಧ್ಯವಾದದ್ದು ಎರಡನ್ನೂ ಯಾರೋ ಉಳಿಸಿದ್ದರಿಂದ. ಒಂದು ಸಮಾಜ ತನ್ನ ಅತ್ಯುತ್ತಮ ಪುಸ್ತಕಗಳಲ್ಲಿ ತಾನು ಹೇಗಿರಬೇಕು ಎಂದುಕೊಂಡಿತ್ತೋ ಅದನ್ನು ಬರೆಯುತ್ತದೆ. ಎರಡಾಣೆಯ ಪುಸ್ತಕಗಳಲ್ಲಿ ತಾನು ಯಾರಿಗೆ ಹೆದರುತ್ತಿತ್ತು, ಯಾರನ್ನು ತುಳಿಯುತ್ತಿತ್ತು ಎಂಬುದು ಮುಚ್ಚುಮರೆಯಿಲ್ಲದೆ ಬಂದುಬಿಡುತ್ತದೆ. ಕೆಟ್ಟ ಪುಸ್ತಕವನ್ನು ಹೊಗಳಬೇಕಾಗಿಲ್ಲ. ಅದನ್ನು ಸುಟ್ಟರೆ ಮಾತ್ರ ವಿಮರ್ಶಿಸಲೂ ಏನೂ ಉಳಿಯುವುದಿಲ್ಲ.

ಸಂಗ್ರಹದ ಇನ್ನೊಂದು ಕೇಡು ಬೆಲೆಯದು. ಹೆಂಡ್ರಿಕ್ಸ್ ಅವರ ಪುಸ್ತಕ ಬಂದ ಮೇಲೆ, ಅಲ್ಲಿಯವರೆಗೆ ಕಾಸಿಗೆ ಸಿಗುತ್ತಿದ್ದ ಶೀರ್ಷಿಕೆಗಳು ದುಬಾರಿಯಾದವು. ಸ್ಟೀಫನ್ ಕಿಂಗ್ ರಿಚರ್ಡ್ ಬಾಕ್ಮನ್ ಎಂಬ ಹೆಸರಿನಲ್ಲಿ 1977ರಲ್ಲಿ ಬರೆದ ‘ರೇಜ್’, ಶಾಲೆಯಲ್ಲಿ ಗುಂಡು ಹಾರಿಸುವ ಹುಡುಗನ ಕಥೆ. ನಿಜಜೀವನದ ಇಂಥ ಘಟನೆಗಳೊಂದಿಗೆ ಅದರ ಹೆಸರು ತಳುಕು ಹಾಕಿಕೊಂಡಾಗ ಕಿಂಗ್ ತಾವೇ ಅದರ ಮುದ್ರಣ ನಿಲ್ಲಿಸಿದರು. ಈಗ ಅದರ ಹಳೆಯ ಪೇಪರ್‌ಬ್ಯಾಕ್‌ಗೆ ಹೂಡಿಕೆದಾರರು ಮುಗಿಬೀಳುತ್ತಾರೆ. ಪ್ಲಾಸ್ಟಿಕ್ ಹೊದಿಕೆಯಲ್ಲಿ ಮುಚ್ಚಿಟ್ಟು ಒಮ್ಮೆಯೂ ತೆರೆಯದೆ, ಬೆಲೆ ಏರಲೆಂದು ಕಾಯುವವರು ಪುಸ್ತಕವನ್ನು ಉಳಿಸುತ್ತಿಲ್ಲ, ಬಂಧಿಸಿದ್ದಾರೆ. ಸಂಗ್ರಾಹಕನ ಯೋಗ್ಯತೆಯನ್ನು ಅವನ ಕಪಾಟಿನ ಉದ್ದದಿಂದ ಅಳೆಯಬಾರದು. ಅದರಿಂದ ಎಷ್ಟು ಪುಸ್ತಕಗಳು ಮತ್ತೆ ಓದುಗರ ಕೈಗೆ ಬಂದವು ಎಂಬುದೇ ಅಳತೆಗೋಲು. ಎರಿಕ್ಸನ್, ಮೇನ್ಸ್, ಜೆಂಕಿನ್ಸ್, ಕೇಗಲ್‌ ಅವರಿಗೆ ಗೌರವ ಸಲ್ಲಬೇಕಾದದ್ದು ಈ ಕಾರಣಕ್ಕೆ. ವಿಶ್ವವಿದ್ಯಾಲಯಗಳಲ್ಲಿ ಈ ತಿಳಿವು ಇದ್ದದ್ದು ಕೆಲವರಿಗೆ ಮಾತ್ರ. ಓಹಾಯೊದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯದಲ್ಲಿ ರೇ ಬ್ರೌನ್ 1969ರಲ್ಲಿ ಜನಪ್ರಿಯ ಸಂಸ್ಕೃತಿಗೆಂದೇ ಗ್ರಂಥಾಲಯವೊಂದನ್ನು ತೆರೆದರು. ಉಳಿದ ಕಡೆ ಇಂಥ ಪುಸ್ತಕಕ್ಕೆ ಬಹುಕಾಲ ಬಾಗಿಲು ಮುಚ್ಚಿತ್ತು.

ಈ ಪುಸ್ತಕಗಳು ಭಾರತಕ್ಕೂ ಬಂದವು. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತು, ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳು, ದೆಹಲಿಯ ದರಿಯಾಗಂಜ್, 1985ರಲ್ಲಿ ಬೆಂಕಿಗೆ ಆಹುತಿಯಾದ ಚೆನ್ನೈನ ಮೂರ್ ಮಾರ್ಕೆಟ್, ಇವೆಲ್ಲ ಪ್ಯಾನ್ ಮತ್ತು ನ್ಯೂ ಇಂಗ್ಲಿಷ್ ಲೈಬ್ರರಿ ಪ್ರಕಾಶನಗಳ ಹಳೆ ಪ್ರತಿಗಳು ಕೈಯಿಂದ ಕೈಗೆ ಹೋದ ತಾಣಗಳು. ಆದರೆ ಇಲ್ಲಿನ ಓದುಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇಂಗ್ಲಿಷ್ ಪುಸ್ತಕಗಳದ್ದಲ್ಲ. ಅವನ್ನು ಕಾಯಲು ಅವುಗಳ ದೇಶಗಳಲ್ಲಿ ಜನರಿದ್ದಾರೆ.

ಕನ್ನಡದಲ್ಲಿ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮನ ಕಥೆಗಳನ್ನು ಓದಿಯೇ ಕಾದಂಬರಿ ಓದುವ ರುಚಿ ಹತ್ತಿಸಿಕೊಂಡ ತಲೆಮಾರು ರಾಜ್ಯದುದ್ದಕ್ಕೂ ಇದೆ. ಕನ್ನಡ ಬಾವುಟವನ್ನು ರೂಪಿಸಿದ ಹೋರಾಟಗಾರ ಮ. ರಾಮಮೂರ್ತಿಯವರು ನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳ ಲೇಖಕರು. ಅವರ ಹೆಸರು ಪ್ರತಿ ನವೆಂಬರಿನಲ್ಲಿ ಕೇಳಿಬರುತ್ತದೆ, ಅವರ ಕಾದಂಬರಿಗಳು ಯಾವ ಅಂಗಡಿಯಲ್ಲೂ ಕಾಣುವುದಿಲ್ಲ. ರೋಚಕ ಕಾದಂಬರಿಗಳಿಂದ ಮನೆಮಾತಾಗಿದ್ದ ಟಿ. ಕೆ. ರಾಮರಾಯರನ್ನು ಇಂದು ಹೆಚ್ಚಿನವರು ನೆನೆಯುವುದು 1972ರ ‘ಬಂಗಾರದ ಮನುಷ್ಯ’ ಚಿತ್ರದ ಮೂಲ ಕಾದಂಬರಿಕಾರರೆಂದು. ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ‘ತುಳಸಿದಳ’ ಕನ್ನಡಕ್ಕೆ ಬಂದು ಮಾಟಮಂತ್ರದ ಭಯವನ್ನು ಮನೆಮನೆಗೆ ತಂದಿತು, 1985ರಲ್ಲಿ ಕನ್ನಡ ಸಿನಿಮಾವೂ ಆಯಿತು. ಇವುಗಳನ್ನೆಲ್ಲ ಜನ ಓದಿದ್ದು ಬಹುಪಾಲು ಬಾಡಿಗೆ ತಂದು, ಬಡಾವಣೆಗೊಂದಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ. ಆ ಪ್ರತಿಗಳಿಗೆ ದಪ್ಪ ರಟ್ಟು ಹಾಕಿ ದಾರದಿಂದ ಬಿಗಿಯಾಗಿ ಹೊಲಿದಿರುತ್ತಿದ್ದರು. ಒಳಬದಿ ಓದಬೇಕಾದರೆ ಎರಡೂ ಹೆಬ್ಬೆರಳು ಒತ್ತಿ ಹಿಡಿಯಬೇಕು. ಪುಟಪುಟಕ್ಕೂ ನೇರಳೆ ಶಾಯಿಯ ಸೀಲು, ಅಲ್ಲಲ್ಲಿ ಓದುಗರು ಬರೆದ ಟಿಪ್ಪಣಿ. ಎಷ್ಟೋ ಪ್ರತಿಗಳಲ್ಲಿ ಕೊಲೆಗಾರ ಯಾರೆಂದು ತಿಳಿಯುವ ಕೊನೆಯ ಹಾಳೆಯೇ ಇರುವುದಿಲ್ಲ.

ಟಿವಿ ಬಂದು, ಬಾಡಿಗೆ ಏರಿ ಆ ಲೈಬ್ರರಿಗಳು ಮುಚ್ಚಿದಾಗ ಪುಸ್ತಕಗಳು ತೂಕದ ಲೆಕ್ಕದಲ್ಲಿ ರದ್ದಿಗೆ ಹೋದವು. ಕಾನೂನು ಕಾಪಾಡಬೇಕಿತ್ತು ಎನ್ನಬಹುದು. ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರಕಾಶಕರು ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ತಪ್ಪಿದವರಿಗೆ ಅದು ಗೊತ್ತುಮಾಡಿದ ದಂಡ 50 ರೂಪಾಯಿಯವರೆಗೆ, ಜೊತೆಗೆ ಪುಸ್ತಕದ ಬೆಲೆ. ಜೇಬುಗಾತ್ರದ ಕಾದಂಬರಿಯನ್ನು ವಾರಕ್ಕೊಂದರಂತೆ ಅಚ್ಚು ಹಾಕುತ್ತಿದ್ದ ಪುಟ್ಟ ಪ್ರಕಾಶಕ ಇದಕ್ಕೆ ಹೆದರುತ್ತಿದ್ದ ಎಂದು ನಂಬುವುದು ಕಷ್ಟ. ಕನ್ನಡದ ಸಾಹಿತ್ಯ ಚರಿತ್ರೆಗಳು ಈ ಲೇಖಕರಿಗೆ ಕೊಡುವುದು ಹೆಚ್ಚೆಂದರೆ ಒಂದು ಪ್ಯಾರಾ. ನೆರೆಯ ತಮಿಳು ಇದರಲ್ಲಿ ಮುಂದಿದೆ. ಚೆನ್ನೈನ ಬ್ಲಾಫ್ಟ್ ಪ್ರಕಾಶನ 2008ರಲ್ಲಿ ಪ್ರೀತಮ್ ಚಕ್ರವರ್ತಿಯವರ ಅನುವಾದದಲ್ಲಿ ತಮಿಳು ಪಲ್ಪ್ ಕಥೆಗಳ ಇಂಗ್ಲಿಷ್ ಸಂಕಲನ ತಂದಿತು. ರಾಜೇಶ್ ಕುಮಾರ್ ಅವರಂಥ ಲೇಖಕರು ಹೊರಗಿನ ಓದುಗರಿಗೆ ಪರಿಚಯವಾದರು, ಹಳೆಯ ಮುಖಪುಟಗಳೂ ಬೆಳಕಿಗೆ ಬಂದವು. ಕನ್ನಡದಲ್ಲಿ ಅದಕ್ಕೆ ಸಾಟಿಯಾದ ಒಂದು ಪುಸ್ತಕ ಬರಬೇಕಾಗಿದೆ.

ಅದಕ್ಕೆ ಗಡುವೂ ಹತ್ತಿರವಾಗುತ್ತಿದೆ. ಭಾರತದಲ್ಲಿ ಲೇಖಕರ ಹಕ್ಕುಸ್ವಾಮ್ಯ ಅವರು ತೀರಿಕೊಂಡ ವರ್ಷದ ನಂತರ 60 ವರ್ಷ ಇರುತ್ತದೆ. ಮ. ರಾಮಮೂರ್ತಿಯವರು ತೀರಿಕೊಂಡದ್ದು 1967ರಲ್ಲಿ. ಅಂದರೆ 2028ರ ಜನವರಿ 1ರಿಂದ ಅವರ ಕಾದಂಬರಿಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುವಂತೆ ಮಾಡಬಹುದು. ಅನುಮತಿಯ ತೊಡಕು ಅಂದಿಗೆ ಮುಗಿಯುತ್ತದೆ. ಆದರೆ ಯಾವ ಪ್ರತಿಯಿಂದ? ನೂರು ಕಾದಂಬರಿಗಳಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಪೂರ್ತಿ ಇರುವ ಪ್ರತಿಗಳು ಎಷ್ಟು, ಯಾರ ಮನೆಯಲ್ಲಿವೆ?

ಅಜ್ಜನ ಟ್ರಂಕಿನಲ್ಲೋ ಅಟ್ಟದ ಮೇಲಿನ ಮೂಟೆಯಲ್ಲೋ ಇಂಥ ಪುಸ್ತಕಗಳಿದ್ದರೆ ಈ ಬಾರಿ ಮನೆ ಸ್ವಚ್ಛ ಮಾಡುವಾಗ ದಯವಿಟ್ಟು ತೂಕಕ್ಕೆ ಹಾಕಬೇಡಿ. ಮುಖಪುಟ, ಹಿಂಬದಿ, ಪ್ರಕಾಶಕರ ಹೆಸರು ಮತ್ತು ಬೆಲೆ ಇರುವ ಪುಟ, ಲೈಬ್ರರಿಯ ಸೀಲು ಇವಿಷ್ಟರ ಫೋಟೊ ತೆಗೆದು ಪಟ್ಟಿ ಮಾಡಿಡಿ. ಹರಿದ ಪ್ರತಿಯನ್ನೂ ಬಿಡಬೇಡಿ; ನಿಮ್ಮ ಪ್ರತಿಯಲ್ಲಿ ಇಲ್ಲದ ಹಾಳೆ ಇನ್ನೊಬ್ಬರ ಪ್ರತಿಯಲ್ಲಿರಬಹುದು. ನಿಮಗೆ ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ, ಇಟ್ಟುಕೊಂಡು ಓದಿ ಮುಂದಕ್ಕೆ ದಾಟಿಸಬಲ್ಲವರ ಕೈಗೆ ಕೊಡಿ.